ಬಾಯಿಗೆ ಹೋದ ಗಿಡವನ್ನು ಎಸೆಯಬೇಡಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಮೊದಲ ಬೇಸಿಗೆ. ತೊರೆಯ ಪಕ್ಕ ಆಡುತ್ತಿದ್ದ ಮಗ ಯಾವುದೋ ಗಿಡ ಕಚ್ಚಿದ. ನಾನು ಅದನ್ನು ಕಿತ್ತು ನೀರಿಗೆ ಎಸೆದು, ಅವನನ್ನು ಎತ್ತಿಕೊಂಡು ಎಮರ್ಜೆನ್ಸಿಗೆ ಓಡಿದೆ. ಅಲ್ಲಿನ ಮೊದಲ ಪ್ರಶ್ನೆ: ಯಾವ ಗಿಡ? 'ಬಿಳಿ ಹೂವು, ಸಬ್ಬಸಿಗೆ ಥರ' ಅಂದೆ. ಕ್ಯಾರೆಟ್ ಜಾತಿಯ ಎಷ್ಟೋ ಗಿಡಗಳು ಹಾಗೇ ಇರುತ್ತವೆ, ಅಲ್ವಾ? ರಾತ್ರಿಯಿಡೀ ಇಟ್ಟುಕೊಂಡು ನೋಡಿದರು. ಮಗನಿಗೆ ಏನೂ ಆಗಲಿಲ್ಲ. ಬಿಲ್ ಮಾತ್ರ ಎರಡು ಸಾವಿರ ಡಾಲರ್ ದಾಟಿತು. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡೋಕೆ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಮುಗಿದಿರಲಿಲ್ಲ, ಪೂರ್ತಿ ಕೈಯಿಂದಲೇ ಕಟ್ಟಿದೆ. ಹೋದ ತಿಂಗಳು ಹೊಸದಾಗಿ ಬಂದ ಇನ್ನೊಂದು ಮನೆಯವರೂ ಗಿಡ ಎಸೆದೇ ಆಸ್ಪತ್ರೆಗೆ ಹೋದರು.

ತುರ್ತು ಸಹಾಯದ ನಂಬರ್ 911 ಎಲ್ಲರಿಗೂ ಗೊತ್ತು. 1-800-222-1222 ಗೊತ್ತಿಲ್ಲ. ಅದು ಪಾಯ್ಸನ್ ಕಂಟ್ರೋಲ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಇನ್ಶೂರೆನ್ಸ್ ಬೇಕಿಲ್ಲ. ವಿಷದ ಬಗ್ಗೆ ತರಬೇತಿ ಪಡೆದ ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಮಾತಾಡುತ್ತಾರೆ. ಮನೆಯಲ್ಲೇ ಇರಬಹುದೋ, ಆಸ್ಪತ್ರೆಗೆ ಹೋಗಬೇಕೋ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಸೇವೆ ಡಾಕ್ಟರುಗಳಿಗೆ ಮಾತ್ರ, ಜನ ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಬೇಕು. ಈ ವಿಷಯದಲ್ಲಿ ಅಮೆರಿಕದ್ದೇ ಒಳ್ಳೆಯ ವ್ಯವಸ್ಥೆ ಅನ್ನುತ್ತೇನೆ.

ಆದರೆ ಕಚ್ಚಿದ್ದು ವಾಟರ್ ಹೆಮ್ಲಾಕ್ ಅನ್ನೋ ಅನುಮಾನ ಬಂದರೆ ಬಿಲ್ ಲೆಕ್ಕ ಬೇಡ. ಅದು ಕ್ಯಾರೆಟ್ ಜಾತಿಯದೇ ಕಡು ವಿಷದ ಗಿಡ. ಜೌಗು ನೆಲ, ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ. ಕೊಡೆಯಂಥ ಬಿಳಿ ಹೂಗೊಂಚಲು. ಬುಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಸಣ್ಣ ಸಣ್ಣ ಕೋಣೆಗಳು, ಹಳದಿ ಎಣ್ಣೆಯಂಥ ರಸ. ಗುರುತು ಹಿಡಿಯಲು ಸೀಳಿ ನೋಡುವ ಸಾಹಸ ಮಾಡಬೇಡಿ. ಬೇರಿನಲ್ಲಿ ವಿಷ ಜಾಸ್ತಿ. 1992ರಲ್ಲಿ ಮೇನ್ ರಾಜ್ಯದ ಕಾಡಿನಲ್ಲಿ ಅಣ್ಣ ತಮ್ಮ ಇದರ ಬೇರು ತಿಂದರು. ಮೂರು ಸಲ ಕಚ್ಚಿದ ತಮ್ಮನಿಗೆ ಅರ್ಧ ಗಂಟೆಯೊಳಗೆ ಫಿಟ್ಸ್ ಬಂತು, ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಒಂದೇ ಸಲ ಕಚ್ಚಿದ ಅಣ್ಣ ಮೊದಲು ಚೆನ್ನಾಗೇ ಇದ್ದ. ಸುಮಾರು ಎರಡು ಗಂಟೆಯ ಮೇಲೆ ಅವನಿಗೂ ಫಿಟ್ಸ್ ಬಂತು. ಹಾಗಾಗಿ 'ಆರಾಮಾಗಿದ್ದಾನೆ, ನೋಡೋಣ' ಅಂತ ಕೂರಬೇಡಿ. 911 ಒತ್ತಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಮನೆಮದ್ದು ಇಲ್ಲಿ ಬೇಡವೇ ಬೇಡ. ಆಗಲೇ ಫಿಟ್ಸ್ ಬಂದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಅಷ್ಟು ಸಾಕು.

ಒಬ್ಬರು ಫೋನಿನಲ್ಲಿರುವಾಗ ಇನ್ನೊಬ್ಬರು ಪ್ಲಾಸ್ಟಿಕ್ ಚೀಲವನ್ನು ಕೈಗೆ ಗವಸಿನಂತೆ ಹಾಕಿಕೊಂಡು ಅದೇ ಗಿಡವನ್ನು ಹಿಡಿಯಿರಿ. ಎಲೆ, ಹೂವು, ಬುಡ ಎಲ್ಲಾ ಇರಲಿ. ಚೀಲವನ್ನು ಒಳಮಗ್ಗುಲು ತಿರುಗಿಸಿ ಗಂಟು ಹಾಕಿ, ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.