ಡಿಎಂಎಫ್ ಹಣದ ಲೆಕ್ಕಕ್ಕೆ ಊರಿನವರೇ ಅಂಕ ಹಾಕುವುದು ಹೇಗೆ?

ಸಂಡೂರು ತಾಲ್ಲೂಕಿನ ಗಣಿ ರಸ್ತೆಯ ಊರುಗಳಲ್ಲಿ ಬೆಳಿಗ್ಗೆ ಒಗೆದು ಹರವಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಕೆಂಪಾಗಿರುತ್ತದೆ. ಇಂಥ ಊರುಗಳ ಪಾಲಿಗೆಂದೇ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನದ ಜೊತೆಗೆ ಇನ್ನೊಂದು ಮೊತ್ತ ಕಟ್ಟುತ್ತಾರೆ: ಗುತ್ತಿಗೆ 2015ರ ಜನವರಿ 12ಕ್ಕಿಂತ ಹಿಂದಿನದಾದರೆ ರಾಜಧನದ ಶೇ 30, ಆನಂತರದ್ದಾದರೆ ಶೇ 10. ಅದು ಹೋಗಿ ಸೇರುವುದು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ. ಜನರ ಬಾಯಲ್ಲಿ ಅದು ‘ಡಿಎಂಎಫ್ ಹಣ’.

ಎಷ್ಟು ಬಂತು, ಯಾವ ಸಭೆಯಲ್ಲಿ ಏನು ತೀರ್ಮಾನವಾಯಿತು, ವಾರ್ಷಿಕ ಕ್ರಿಯಾ ಯೋಜನೆ ಯಾವುದು, ಫಲಾನುಭವಿಗಳು ಯಾರು ಎಂಬುದೆಲ್ಲ ಪ್ರತಿಷ್ಠಾನದ ಜಾಲತಾಣದಲ್ಲಿ ಇರಬೇಕೆಂದು, ಈ ಹಣದ ಬಳಕೆಗೆಂದೇ ಇರುವ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಇದೆಯೇ, ಇದ್ದರೆ ನಮಗೆ ಅರ್ಥವಾಗುವಂತಿದೆಯೇ? ಹಾಕಿದವರನ್ನೇ ಕೇಳಿದರೆ ‘ಎಲ್ಲ ಹಾಕಿದ್ದೇವೆ’ ಎನ್ನುತ್ತಾರೆ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದಂತೆ.

ತಿದ್ದುವ ಕೆಲಸಕ್ಕೆ ಒಂದು ಒಳ್ಳೆಯ ಅಳತೆಗೋಲು ಹೊರಗೆ ಸಿಗುತ್ತದೆ. ಆಡಳಿತವನ್ನು ಜನರಿಗೆ ತೆರೆದಿಡಲೆಂದು 2011ರಲ್ಲಿ 8 ದೇಶಗಳು ಸೇರಿ ‘ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್’ ಎಂಬ ಕೂಟ ಕಟ್ಟಿದವು. ಭಾರತ ಅದರ ಸದಸ್ಯನಲ್ಲ, ಆದರೆ ಗೋಲು ಎರವಲು ತರಲು ಸದಸ್ಯತ್ವ ಬೇಕಿಲ್ಲ. ಸದಸ್ಯ ಸರ್ಕಾರಗಳು ಕೊಟ್ಟ ಮಾತನ್ನು ಅಲ್ಲಿ ಸ್ವತಂತ್ರ ಪರಿಶೀಲಕರು ಎರಡು ಬಗೆಯಲ್ಲಿ ಅಳೆಯುತ್ತಾರೆ. ಕೆಲಸ ಎಷ್ಟಾಯಿತು ಎಂಬುದಕ್ಕೆ ಆರಂಭವೇ ಆಗಿಲ್ಲ, ಅಲ್ಪ, ಬಹುಪಾಲು, ಪೂರ್ಣ ಎಂಬ ನಾಲ್ಕು ಮೆಟ್ಟಿಲು. ಅದರಿಂದ ಆಡಳಿತದ ಬಾಗಿಲು ತೆರೆಯಿತೇ ಎಂಬುದು ಪ್ರತ್ಯೇಕ ಪ್ರಶ್ನೆ. ಈ ಎರಡನ್ನು ಬೇರೆ ಇಟ್ಟದ್ದೇ ಆ ವಿಧಾನದ ಜಾಣತನ. ಜಾಲತಾಣ ‘ಪೂರ್ಣ’ಗೊಂಡೂ ಜನರಿಗೆ ಏನೂ ತಿಳಿಯದೆ ಇರಬಹುದು.

ತಂಡ, ಪಟ್ಟಿ

ನಾಲ್ಕೈದು ಜನ ಸಾಕು. ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು, ಅವರ ನೆಂಟರು ಬೇಡ. ಅದೇ ಕಚೇರಿಯ ಮೇಲೆ ಹಳೆಯ ಸಿಟ್ಟು ಇಟ್ಟುಕೊಂಡವರೂ ಬೇಡ. ಇವರನ್ನು ದೂರವಿಡುವುದೇ ಹೆಚ್ಚು ಕಷ್ಟ, ಏಕೆಂದರೆ ಮೊದಲು ಓಡಿ ಬರುವವರು ಇವರೇ.

ಐವತ್ತು ಅಂಶ ಹಿಡಿಯದೆ ಐದು ಹಿಡಿಯಿರಿ. ಪ್ರತಿಯೊಂದಕ್ಕೂ ಯಾವುದು ‘ಅಲ್ಪ’, ಯಾವುದು ‘ಪೂರ್ಣ’ ಎಂದು ಜಾಲತಾಣ ತೆರೆಯುವ ಮೊದಲೇ ಬರೆದಿಡಿ. ಉದಾಹರಣೆಗೆ, ಸಭೆಯ ನಡಾವಳಿ ಇದ್ದು ಒಂದು ವರ್ಷ ಹಳೆಯದಾದರೆ ‘ಅಲ್ಪ’. ಕಾಮಗಾರಿ ಪಟ್ಟಿಯಲ್ಲಿ ಊರಿನ ಹೆಸರು, ಮೊತ್ತ, ಅನುಷ್ಠಾನ ಸಂಸ್ಥೆ, ಈಗಿನ ಹಂತ ನಾಲ್ಕೂ ಇದ್ದರೆ ಮಾತ್ರ ‘ಪೂರ್ಣ’. ಇಬ್ಬರು ಬೇರೆ ಬೇರೆ ಕುಳಿತು ಅಂಕ ಹಾಕಿ, ಆಮೇಲೆ ಹೋಲಿಸಿ. ನೋಡಿದ ಪುಟವನ್ನು ದಿನಾಂಕದೊಂದಿಗೆ ಮುದ್ರಿಸಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತಾ ವಲಯಗಳಿಗೆ ಕನಿಷ್ಠ ಶೇ 60 ಎಂದು 2015ರ ಮಾರ್ಗಸೂಚಿ ಹೇಳಿತ್ತು. 2024ರ ಪರಿಷ್ಕರಣೆಯಲ್ಲಿ ಅದು ಶೇ 70 ಆಗಿದೆ. ಹಳೆಯ ವರ್ಷದ ಖರ್ಚನ್ನು ಹೊಸ ಗೋಲಿನಿಂದ ಅಳೆದರೆ ಅಧಿಕಾರಿಗಳು ಒಂದೇ ಮಾತಿನಲ್ಲಿ ನಿಮ್ಮ ವರದಿಯನ್ನು ಪಕ್ಕಕ್ಕೆ ಸರಿಸುತ್ತಾರೆ.

ಕಾಗದ ತರಿಸುವುದು

ಜಾಲತಾಣದಲ್ಲಿ ಸಿಗದಿದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ‘ಡಿಎಂಎಫ್ ಖರ್ಚಿನ ಸಂಪೂರ್ಣ ವಿವರ ಕೊಡಿ’ ಎಂದು ಬರೆಯಬೇಡಿ. ‘ಇಂಥ ಸಾಲಿನಲ್ಲಿ ಇಂಥ ಗ್ರಾಮದಲ್ಲಿ ನಿರ್ಮಿಸಿದ ಶುದ್ಧ ಕುಡಿಯುವ ನೀರಿನ ಘಟಕದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಅಂತಿಮ ಬಿಲ್ಲಿನ ದೃಢೀಕೃತ ಪ್ರತಿ’ ಎಂದು ಬರೆಯಿರಿ. ಕಡತ ಬೇರೆ ಇಲಾಖೆಯಲ್ಲಿದ್ದರೆ ಐದು ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ, ನಿಮ್ಮದಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ; ಅಲ್ಲಿಯೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗ.

ಟೇಪು ಹಿಡಿದು ಹೋಗುವುದು

ಕಾಗದ ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕಿದೆ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಶಾಲಾ ಕೊಠಡಿಯಾದರೆ ಅಳತೆ ಪುಸ್ತಕದ ಉದ್ದ, ಅಗಲವನ್ನು ಟೇಪಿನಿಂದ ನೋಡಿ; ಬಿಲ್ಲಿನಲ್ಲಿರುವ ಕಿಟಕಿಗಳನ್ನು ಎಣಿಸಿ. ನೀರಿನ ಘಟಕವಾದರೆ ಮಧ್ಯಾಹ್ನ ಹೋಗಿ ಬೀಗ ಕಂಡು ‘ಕೆಟ್ಟಿದೆ’ ಎಂದು ಬರೆಯಬೇಡಿ. ಬೆಳಿಗ್ಗೆ ಏಳಕ್ಕೆ ಹೋಗಿ. ಕ್ಯಾನುಗಳ ಸಾಲು ಇದೆಯೇ, ನಾಣ್ಯ ಹಾಕುವ ಪೆಟ್ಟಿಗೆಯ ಮೇಲೆ ಎಷ್ಟು ದಿನದ ಧೂಳಿದೆ, ಫಿಲ್ಟರ್ ಯಾವಾಗ ಬದಲಾಯಿಸಿದರು ಎಂದು ನೀರು ಹಿಡಿಯುವ ಹೆಣ್ಣುಮಕ್ಕಳನ್ನು ಕೇಳಿ. ಅವರ ಬಾಯಲ್ಲಿ ಬರುವ ದಿನಾಂಕ ಸಾಮಾನ್ಯವಾಗಿ ಹಬ್ಬದ ಲೆಕ್ಕದಲ್ಲಿರುತ್ತದೆ: ‘ಕಾರ ಹುಣ್ಣಿಮೆಯಿಂದ ಬಂದ್.’ ಅದನ್ನು ಹಾಗೆಯೇ ಬರೆದುಕೊಳ್ಳಿ, ತಾರೀಖು ಆಮೇಲೆ ಹಾಕಿಕೊಳ್ಳಬಹುದು.

ಇಲ್ಲೊಂದು ಗೊಂದಲ ಆಗುತ್ತದೆ. ಘಟಕ ನಿಂತಿರುವುದು ಕಾಮಗಾರಿಯ ದೋಷ. ಆ ಸಂಗತಿ ಜಾಲತಾಣದಲ್ಲಿ ಇಲ್ಲದಿರುವುದು ಪಾರದರ್ಶಕತೆಯ ದೋಷ. ಅಂಕ ಹಾಕುತ್ತಿರುವುದು ಎರಡನೆಯದಕ್ಕೆ. ಮೊದಲನೆಯದನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಓದಿ ಹೇಳುವ ಮೊದಲು

ಕರಡು ವರದಿಯನ್ನು ಪ್ರತಿಷ್ಠಾನಕ್ಕೆ ಕಳಿಸಿ, 15 ದಿನ ಕಾಯಿರಿ. ಅವರು ತೋರಿಸಿದ ತಪ್ಪು ನಿಜವಾಗಿದ್ದರೆ ತಿದ್ದಿ. ಒಪ್ಪಲಾಗದಿದ್ದರೆ ಅವರ ಉತ್ತರವನ್ನೂ ವರದಿಯಲ್ಲೇ ಸೇರಿಸಿ. ಆಮೇಲೆ ಗ್ರಾಮಸಭೆಯಲ್ಲಿ ಓದಿ. ಓದಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಸಭೆ ಮುಗಿದ ದಿನವೇ ನೋಡಿ, ಆ ಪುಟದ ಪ್ರತಿಗೆ ಪಿಡಿಒ ಸಹಿ ಹಾಕಿಸಿಕೊಂಡು ಬನ್ನಿ.