ಬಾಡಿಗೆ ಮನೆ ಸೋರುತ್ತಿದ್ದರೆ ಫೋನಲ್ಲಿ ಹೇಳಿ ಸುಮ್ನಾಗಬೇಡಿ
ಶಿವಮೊಗ್ಗ ವಿನೋಬನಗರದಲ್ಲಿ ನಮ್ಮದು ಹೆಂಚಿನ ಮನೆ. ಜೂನ್ ಮಳೆಗೆ ಅಡುಗೆಮನೆ ಸೋರಿ ಗೋಡೆಯೆಲ್ಲ ಪಾಚಿಗಟ್ಟಿತು. ಮಾಲೀಕರು ದೂರದ ಊರಿನಲ್ಲಿದ್ದಾರೆ, ಎಲ್ಲವೂ ಬ್ರೋಕರ್ ಕೈಯಲ್ಲಿ. ಆತ ಮೂರು ವಾರ "ನಾಳೆ ಆಳು ಕಳಿಸ್ತೀನಿ ಸಾರ್" ಅಂದ. ಕಮಿಷನ್ ತಗೊಳ್ಳುವಾಗ ಮಾತ್ರ ಹೇಳಿದ ದಿನವೇ ಬಂದಿದ್ದ!

ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದ. ಸೋರುವ ಜಾಗದ ಫೋಟೋ, ವಿಡಿಯೋ ದಿನಾಂಕದ ಸಮೇತ ಇಟ್ಟುಕೊಳ್ಳಿ. ಬ್ರೋಕರ್‌ನನ್ನು ನಂಬಿ ಕೂರದೆ, ಕರಾರಿನಲ್ಲಿರುವ ಮಾಲೀಕರ ವಿಳಾಸಕ್ಕೇ ರಿಜಿಸ್ಟ್ರೇಷನ್ ಸೇರಿಸಿದ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ರಸೀದಿ ಜೋಪಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರೇ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ರಿಪೇರಿ ಯಾರ ತಲೆಗೆ ಅಂತ ಬರೆದಿದೆ ನೋಡಿ. ಅಲ್ಲೇ ಎಲ್ಲ ಇರೋದು.

ಪತ್ರ ತಲುಪಿದ ವಾರದಲ್ಲೇ ಮಾಲೀಕರು ಫೋನ್ ಮಾಡಿದರು. ಪಾಪ, ಅವರಿಗೆ ವಿಷಯವೇ ಗೊತ್ತಿರಲಿಲ್ಲ!

ಹೊಸ ಮನೆ ನೋಡುವವರು ಮೇ ತಿಂಗಳಲ್ಲೇ ಹೆಂಚು ಕೈಯಾಡಿಸಿ ಕೊಡುವಂತೆ ಕರಾರಿನಲ್ಲೇ ಬರೆಸಿಕೊಳ್ಳಿ. ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಹತ್ತುವವರು ಸಿಗಲ್ಲ.