ಯೆಜ್ಡಿಯ 72 ಕಡ್ಡಿ, ಎರಡು ಭಾನುವಾರ

ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್ ಬೈಕ್ ಅಪ್ಪ 1986ರಲ್ಲಿ ತಗೊಂಡಿದ್ದು. ಹುಟ್ಟಿದ್ದೂ ಮೈಸೂರಲ್ಲೇ, ಓಡಿದ್ದೂ ಮೈಸೂರಲ್ಲೇ. ಅದನ್ನು ಮಾಡಿದ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಗಾಡಿ ಜೊತೆ ಬಂದ ಹಳೇ ಕ್ರೋಮ್ ರಿಮ್ ಹಾಳಾದರೆ ಅಂಥದ್ದೇ ಇನ್ನೊಂದು ಹುಡುಕೋದು ಕಷ್ಟ. ಇರೋದನ್ನೇ ಉಳಿಸಿಕೊಳ್ಳಬೇಕು. ಅದಕ್ಕೇ ಚಕ್ರ ತೊಳೆಯೋದು ನನಗೆ ಬರೀ ಹಬ್ಬದ ಕೆಲಸ ಅಲ್ಲ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ಯಾಕಂದ್ರೆ ಇದನ್ನು ಈಗಲೂ ಎಷ್ಟೋ ಜನ ಮಾಡುತ್ತಾರೆ. ಕೆಲವು ವರ್ಷದ ಹಿಂದೆ ಆಯುಧಪೂಜೆಗೆ ಎರಡೇ ದಿನ ಇತ್ತು. ಚಕ್ರದ ತುಂಬ ತುಕ್ಕು, ಕೆಸರು. ಬಚ್ಚಲುಮನೆಯಲ್ಲಿದ್ದ ಟಾಯ್ಲೆಟ್ ಕ್ಲೀನರ್ ತಂದು ಬ್ರಶ್‌ನಲ್ಲಿ ಹಚ್ಚಿದೆ. ಹತ್ತು ನಿಮಿಷ ಬಿಟ್ಟು ತೊಳೆದಾಗ ತುಕ್ಕೆಲ್ಲ ಹೋಗಿ ರಿಮ್ ಬೆಳ್ಳಗೆ ಹೊಳೆಯಿತು, ತುಂಬ ಖುಷಿ ಆಯ್ತು. ಒಣಗಿದ ಮೇಲೆ ನೋಡಿದರೆ ಚಕ್ರದ ನಡುವಿನ ಅಲ್ಯೂಮಿನಿಯಂ ಹಬ್ ಮೇಲೆಲ್ಲ ಬೂದು ಬಣ್ಣದ ಮಚ್ಚೆ. ಒಂದು ವಾರದಲ್ಲಿ ಕಡ್ಡಿಗಳೆಲ್ಲ, ಅಂದ್ರೆ ಸ್ಪೋಕ್‌ಗಳೆಲ್ಲ, ಕಿತ್ತಳೆ ಬಣ್ಣಕ್ಕೆ ತಿರುಗಿದವು. ಅಪ್ಪ ಹಬ್ ಮೇಲೆ ಕೈಯಾಡಿಸಿ, "ಆ್ಯಸಿಡ್ ಹಾಕಿದ್ಯೇನೋ?" ಅಂದರು. ಹೂಂ ಅಂದೆ. ಆಮೇಲೆ ಅವರು ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಗಿದ್ದು ಇಷ್ಟೇ. ಆ ಬಾಟಲಿಯಲ್ಲಿರೋದು ಹೈಡ್ರೋಕ್ಲೋರಿಕ್ ಆ್ಯಸಿಡ್. ಕಡ್ಡಿಗಳಿಗೆ ತುಕ್ಕು ಹಿಡಿಯಬಾರದು ಅಂತ ಸತುವಿನ ಲೇಪ ಕೊಟ್ಟಿರುತ್ತಾರೆ, ಆ್ಯಸಿಡ್ ಮೊದಲು ಅದನ್ನೇ ತಿಂದುಹಾಕುತ್ತದೆ. ಅಲ್ಯೂಮಿನಿಯಮ್ಮನ್ನೂ ಬಿಡಲ್ಲ, ಕ್ರೋಮನ್ನೂ ಬಿಡಲ್ಲ. ರಿಮ್ ಮೇಲಿನ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು, ನಮ್ಮ ತಲೆಕೂದಲಿನ ದಪ್ಪವೇ 70 ಮೈಕ್ರಾನ್ ಆಸುಪಾಸು ಅಂದ್ರೆ ಲೆಕ್ಕ ಹಾಕಿ. ಅದರ ಕೆಳಗೆ ನಿಕ್ಕಲ್, ಅದರ ಕೆಳಗೆ ಬರೀ ಕಬ್ಬಿಣ. ಮೇಲಿನದು ಹೋದರೆ ಪಾಲಿಶ್ ಹಾಕಿ ವಾಪಸ್ ತರೋಕಾಗಲ್ಲ. ಹುಣಸೆಹಣ್ಣು, ನಿಂಬೆಹಣ್ಣು ಕೂಡ ಬೇಡ. ಹಿತ್ತಾಳೆ ಬಿಂದಿಗೆಗೆ ಸರಿ, ಚಕ್ರಕ್ಕಲ್ಲ.

ಈಗ ನಾನು ಮಾಡೋ ರೀತಿ ಬೇರೆ. ಒಂದು ಭಾನುವಾರಕ್ಕೆ ಒಂದೇ ಚಕ್ರ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಕೆಲವರು ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗೋ ಚಕ್ರಕ್ಕೆ ಬಟ್ಟೆ ಹಿಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಟ್ಟೆ ಕಡ್ಡಿಗೆ ಸುತ್ತಿಕೊಂಡರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಪೂರ್ತಿ ಕೆಲಸ ಇದ್ದಾಗ ಚಕ್ರ ಬಿಚ್ಚಿಬಿಡೋದೇ ವಾಸಿ. ಯೆಜ್ಡಿಯಲ್ಲಿ ಹಿಂದಿನ ಆಕ್ಸಲ್ ಎಳೆದರೆ ಚಕ್ರ ಹೊರಗೆ ಬರುತ್ತದೆ, ಚೈನು, ಅದು ಕೂರುವ ಹಲ್ಲಿನ ಸ್ಪ್ರಾಕೆಟ್ಟು ಎರಡೂ ಚೈನ್ ಕವರ್ ಒಳಗೇ ಇರುತ್ತವೆ. ಈ ಅನುಕೂಲ ಮಾಡಿಕೊಟ್ಟವರಿಗೆ ನಾನು ಪ್ರತಿ ಸಲ ಮನಸ್ಸಲ್ಲೇ ಕೈ ಮುಗಿಯುತ್ತೇನೆ.

ಬ್ರೇಕ್ ಡ್ರಮ್ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಯಲೂಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಡ್ರಮ್‌ಗೆ ಎಣ್ಣೆ, ಪಾಲಿಶ್ ಏನೂ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯಲ್ಲ.

ಜಿಡ್ಡು ತೆಗೆಯೋಕೆ ಮೊದಲು ಸೀಮೆಎಣ್ಣೆ ಹಾಕುತ್ತಿದ್ದೆ. ಈಗ ಅದು ಸಿಗೋದೇ ಕಷ್ಟ, ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು. ಟೈರಿಗೆ ಸೋರದ ಹಾಗೆ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಒರೆಸುತ್ತೇನೆ. ಆಮೇಲೆ ಶಾಂಪೂ ನೀರು, ಹಳೇ ಟೂತ್‌ಬ್ರಶ್. ಹಬ್‌ನಿಂದ ಶುರು ಮಾಡಿ ಕಡ್ಡಿ, ಕೊನೆಗೆ ರಿಮ್, ಕೊಳಕು ಹೊರಗಡೆಗೇ ಇಳಿಯಲಿ ಅಂತ. ಸರ್ವಿಸ್ ಸ್ಟೇಷನ್ ಪ್ರೆಶರ್ ಗನ್ ಹಬ್ ಹತ್ತಿರ ತರಬಾರದು, ಬೇರಿಂಗ್‌ನ ಗ್ರೀಸ್ ಒಳಕ್ಕೆ ನೀರು ನುಗ್ಗುತ್ತದೆ.

ರಿಮ್ ಮೇಲಿನ ತುಕ್ಕಿಗೆ ನಾನು ನಂಬಿರೋದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಅಂಗೈಯಷ್ಟು ಹರಿದು, ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಬೇಕು. ಅಲ್ಯೂಮಿನಿಯಂ ಕ್ರೋಮ್‌ಗಿಂತ ತುಂಬ ಮೆದು, ಹಾಗಾಗಿ ಕ್ರೋಮ್ ಗೀಚಲ್ಲ. ಸ್ವಲ್ಪ ಹೊತ್ತಿಗೆ ಕಂದು ಕೆಸರಿನಂಥದ್ದು ಎದ್ದು ಬರುತ್ತದೆ, ಬೆರಳಿಗೆ ಹಚ್ಚಿಕೊಂಡರೆ ನುಣ್ಣಗೆ ಕಾಫಿ ಗಸಿ ಥರ ಇರುತ್ತದೆ. ಅದನ್ನು ಒರೆಸಿ ಮತ್ತೆ ಉಜ್ಜಿ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಮಾತ್ರ ಮುಟ್ಟಬೇಡಿ, ಅದರ ಗೀಟುಗಳು ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಕ್ರೋಮ್ ಎದ್ದುಹೋದ ಕಡೆ ಸಣ್ಣ ಗುಳಿ ಉಳಿಯುತ್ತದೆ, ಅದು ಮುಚ್ಚಲ್ಲ, ಒಪ್ಪಿಕೊಳ್ಳಬೇಕು.

ಕಡ್ಡಿಗಳದ್ದೇ ನಿಜವಾದ ಕೆಲಸ. ಒಂದು ಚಕ್ರಕ್ಕೆ 36, ಎರಡಕ್ಕೆ 72. ಹಳೇ ಪಂಚೆಯನ್ನು ಎರಡು ಬೆರಳಗಲ ಪಟ್ಟಿಯಾಗಿ ಹರಿದು, ಪಾಲಿಶ್ ಹಚ್ಚಿ, ಕಡ್ಡಿಗೆ ಒಂದು ಸುತ್ತು ಹಾಕಿ ಎರಡು ತುದಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಎಳೆಯೋದು. ಎರಡು ಕಡ್ಡಿ ಒಂದರ ಮೇಲೊಂದು ಹಾದುಹೋಗೋ ಜಾಗ ಇದೆಯಲ್ಲ, ಅಲ್ಲಿ ಬ್ರಶ್ ಹೋಗಲ್ಲ, ಪಟ್ಟಿಯೂ ಹೋಗಲ್ಲ. ಹಳೇ ಕೆಸರು ಗಟ್ಟಿಯಾಗಿ ಕೂತಿರೋದು, ತುಕ್ಕು ಶುರುವಾಗೋದು ಅಲ್ಲೇ. ಗೋಣಿದಾರಕ್ಕೆ ಪಾಲಿಶ್ ಸವರಿ ಆ ಸಂದಿಯಲ್ಲಿ ತೂರಿಸಿ ನಾಲ್ಕು ಸಲ ಎಳೆದರೆ ಕರ್ರಗೆ ಹೊರಗೆ ಬರುತ್ತದೆ.

ಹೀಗೆ ಒಂದೊಂದೇ ಕಡ್ಡಿ ಹಿಡಿದಾಗ ಚಕ್ರದ ಆರೋಗ್ಯವೂ ಗೊತ್ತಾಗುತ್ತದೆ. ಹೋದ ವರ್ಷ ಹಿಂದಿನ ಚಕ್ರದಲ್ಲಿ ಒಂದು ಕಡ್ಡಿ ಬೆರಳಿಗೆ ಅಲ್ಲಾಡಿತು. ಸ್ಕ್ರೂಡ್ರೈವರ್‌ನಲ್ಲಿ ಮೆಲ್ಲಗೆ ತಟ್ಟಿದರೆ ಉಳಿದವೆಲ್ಲ ಟಿಣ್ ಅನ್ನುತ್ತಿದ್ದವು, ಅದು ಮಾತ್ರ ಟಕ್. ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್, ಅಂದ್ರೆ ನಿಪ್ಪಲ್, ನಾನೇ ಬಿಗಿ ಮಾಡೋಣ ಅಂತ ಹೊರಟೆ, ತುಕ್ಕಿಗೆ ಕಚ್ಚಿಕೊಂಡಿತ್ತು. ಚಕ್ರದ ಬೆಂಡ್ ತೆಗೆಯುವ ಹಿರಿಯರೊಬ್ಬರ ಹತ್ತಿರ ಒಯ್ದೆ. "ಒಂದೇ ಕಡ್ಡಿ ಟೈಟ್ ಮಾಡಿದ್ರೆ ರಿಮ್ಮು ಆ ಕಡೆಗೇ ಎಳ್ಕೊಳ್ಳುತ್ತೆ ಸಾರ್, ಅದರ ಎದುರಿಂದೂ ನೋಡ್ಬೇಕು" ಅಂತ ಹೇಳಿ ನಿಪ್ಪಲ್‌ಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟುಕೊಂಡರು. ಟಾಯ್ಲೆಟ್ ಕ್ಲೀನರ್ ಇಳಿದಿದ್ದ ನಿಪ್ಪಲ್ ಅದು, ನೋಡಿದ ತಕ್ಷಣ ಗೊತ್ತಾಯ್ತು.

ಹಬ್‌ನ ಮಚ್ಚೆಗೆ 400, 800, 1200, 2000 ನಂಬರ್ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ, ನಂಬರ್ ಏರಿದಷ್ಟೂ ನಯ), ಇದೇ ಸಾಲಿನಲ್ಲಿ, ನೀರು ಹಾಕಿಕೊಂಡು. ಒಂದು ನಂಬರ್‌ನ ಗೀಟು ಪೂರ್ತಿ ಮಾಯವಾಗೋ ತನಕ ಮುಂದಿನದಕ್ಕೆ ಹೋಗಬಾರದು. ನಾನು ಅವಸರದಲ್ಲಿ 800 ಬಿಟ್ಟು 1200ಕ್ಕೆ ಹಾರಿದ್ದೆ, ಕೊನೆಗೆ ಬ್ರಾಸೋ ಪಾಲಿಶ್ ಹಾಕಿದಾಗ ಹೊಳಪಿನ ಒಳಗೆ ಹಳೇ ಗೀಟುಗಳೆಲ್ಲ ಕಂಡು ಮತ್ತೆ ಮೊದಲಿಂದ ಮಾಡಿದೆ. ಮೂರು ಗಂಟೆ ಹಿಡಿಯಿತು. ಆದರೆ ಆಮೇಲೆ ಹಬ್‌ನಲ್ಲಿ ನನ್ನ ಬನಿಯನ್ನಿನ ಬಿಳಿ ಬಣ್ಣ ಕಾಣಿಸಿತು ನೋಡಿ, ಆ ಸುಸ್ತು ಎಲ್ಲಿ ಹೋಯ್ತೋ ಗೊತ್ತಿಲ್ಲ.

ಕೊನೆಗೆ ಒಣಗಿಸಿ, ತೆಳ್ಳಗೆ ಕಾರ್ ವ್ಯಾಕ್ಸ್. ಇದನ್ನು ಹಾಕದಿದ್ದರೆ ಮೇಲಿನ ಅಷ್ಟೂ ಕೆಲಸ ಒಂದೇ ಮಳೆಗಾಲಕ್ಕೆ ಹಾಳು. ಕೊಬ್ಬರಿ ಎಣ್ಣೆ ಹಚ್ಚೋರಿದ್ದಾರೆ, ಎರಡು ದಿನ ಚೆನ್ನಾಗಿ ಕಾಣುತ್ತದೆ, ಮೂರನೇ ದಿನ ಧೂಳೆಲ್ಲ ಅಂಟಿ ರೊಟ್ಟಿ ಹಿಟ್ಟು ಮೆತ್ತಿದ ಹಾಗೆ ಆಗುತ್ತದೆ.

ಈ ಸಲ ಆಯುಧಪೂಜೆಗೆ ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಅಪ್ಪನೇ ಗಾಡಿ ತಗೊಂಡು ಒಂದು ಸುತ್ತು ಹೋಗಿಬಂದರು. ಬಂದವರೇ ಸ್ಟ್ಯಾಂಡ್ ಹಾಕಿ, ಒದ್ದೆ ಬಟ್ಟೆ ಕೇಳಿ, ರಿಮ್‌ಗೆ ಸಿಡಿದಿದ್ದ ನಿಂಬೆರಸ, ಕುಂಕುಮ ಎಲ್ಲ ಆಗಲೇ ಒರೆಸೋಕೆ ಕೂತರು. ವಾಲ್ವ್ ಪಕ್ಕದ ನಾಲ್ಕು ಗುಳಿಗಳ ಮೇಲೆ ಬೆರಳಿಟ್ಟು, "ಇಲ್ಲಿಗೆ ಇನ್ನೊಂದು ಕೈ ವ್ಯಾಕ್ಸ್ ಹಾಕೋ" ಅಂದರು.